ಕೇಳಿದವರು ಉತ್ತರವನ್ನೂ ಕೊಡಬೇಕು: ಅಕ್ಕ-ತಮ್ಮನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಇಬ್ಬರು ಮಕ್ಕಳಿದ್ದಾರೆ. ಅಕ್ಕನಿಗೆ 14 ವರ್ಷ, ತಮ್ಮನಿಗೆ 8. ಹೆತ್ತವರ ಮನೆಯಲ್ಲಿ ಸುರಕ್ಷಿತವಾಗಿ ಇರುವ ಸ್ಥಿತಿ ಇರಲಿಲ್ಲ. ಹಾಗಾಗಿ ಇಬ್ಬರನ್ನೂ ಮನೆಯಿಂದ ಹೊರಗೆ ತಂದು ಪಾಲನೆಗೆ ಇಟ್ಟಿದ್ದರು. ಒಂದೇ ಕಡೆ ಜಾಗ ಸಿಗಲಿಲ್ಲ. ಅಕ್ಕ ಒಂದು ಸಾಕು ಕುಟುಂಬಕ್ಕೆ ಹೋದಳು, ತಮ್ಮ ಇನ್ನೊಂದಕ್ಕೆ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅಕ್ಕನನ್ನು ನೋಡಿಕೊಳ್ಳುತ್ತಿದ್ದ ಸಾಕುತಾಯಿಯ ಆರೋಗ್ಯ ಕೆಟ್ಟಿತು. ಇನ್ನು ತನ್ನಿಂದ ಆಗುವುದಿಲ್ಲ ಎಂದು ಅವರೇ ತಿಳಿಸಿದರು. ಹುಡುಗಿ ಮುಂದೆ ಎಲ್ಲಿರಬೇಕು ಅನ್ನುವುದು ತೀರ್ಮಾನವಾಗಬೇಕಿತ್ತು.

ಇಂಥ ಸಭೆಗಳಲ್ಲಿ ಮಕ್ಕಳ ಪರವಾಗಿ ಕೂರುವುದು ನನ್ನ ಕೆಲಸ. ಈ ಕೇಸು ನನ್ನ ಕೈಗೆ ಬಂದದ್ದು ಮೊದಲ ಸಭೆ ಮುಗಿದ ಮೇಲೆ. ಅಲ್ಲಿ ನಡೆದದ್ದನ್ನು ಫೈಲಿನಿಂದ, ಹಾಜರಿದ್ದವರಿಂದ, ಎಲ್ಲಕ್ಕಿಂತ ಜಾಸ್ತಿ ಹುಡುಗಿಯಿಂದ ತಿಳಿದುಕೊಂಡೆ. ಮಕ್ಕಳ ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ.

ಮಗುವಿನ ಅಭಿಪ್ರಾಯ ಕೇಳಬೇಕು ಅನ್ನುವುದಕ್ಕೆ ಈಗ ಯಾರೂ ಎದುರು ಹೇಳುವುದಿಲ್ಲ. ಆದರೆ ಕೇಳುವುದಕ್ಕೆ ಮುಂಚೆ ಏನಾಗಬೇಕು, ಕೇಳಿದ ಮೇಲೆ ಏನಾಗಬೇಕು ಅನ್ನುವಲ್ಲಿ ನಾವು ಜಾರಿಬಿಡುತ್ತೇವೆ. ಈ ಒಂದೇ ಪ್ರಕರಣದಲ್ಲಿ ಎರಡೂ ಕಾಣುತ್ತವೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲ ಸಭೆ

ಉದ್ದನೆಯ ಮೇಜು. ಈ ಮಕ್ಕಳ ಕೇಸು ನೋಡಿಕೊಳ್ಳುವ ಕೇಸ್ ವರ್ಕರ್, ಅವರ ಮೇಲಧಿಕಾರಿ, ಕೌನ್ಸೆಲರ್, ಶಾಲೆಯ ಟೀಚರ್, ಸಾಕುತಾಯಿ, ಟಿಪ್ಪಣಿ ಬರೆದುಕೊಳ್ಳುವ ಒಬ್ಬರು. ಇಷ್ಟು ದೊಡ್ಡವರ ನಡುವೆ ಹುಡುಗಿ. ಮನೆ ಬದಲಾಗಲಿದೆ ಅನ್ನುವುದು ಅವಳಿಗೆ ಗೊತ್ತಾದದ್ದು ಹಿಂದಿನ ಸಂಜೆ. ಅವಳನ್ನು ಪಾಠದ ನಡುವೆ ಕ್ಲಾಸಿನಿಂದ ಎಬ್ಬಿಸಿ ಕರೆತಂದಿದ್ದರು.

ಅಧಿಕಾರಿಗಳು ಒಂದು ಪ್ಲಾನ್ ಸಿದ್ಧ ಮಾಡಿಕೊಂಡೇ ಬಂದಿದ್ದರು. ಬೇರೆ ಊರಿನ ಒಂದು ಸಾಕು ಕುಟುಂಬ ಅಕ್ಕ-ತಮ್ಮ ಇಬ್ಬರನ್ನೂ ಸೇರಿಸಿಕೊಳ್ಳಲು ಮುಂದೆ ಬಂದಿತ್ತು. ಶಾಲೆ ಬದಲಾಗುತ್ತದೆ, ಆದರೆ ಒಡಹುಟ್ಟಿದವರು ಮತ್ತೆ ಒಂದಾಗುತ್ತಾರೆ. ಎಲ್ಲರಿಗೂ ಖುಷಿ. ಈ ಖುಷಿಗೆ ಆಧಾರವೂ ಇತ್ತು. ಮಕ್ಕಳ ಪರ್ಯಾಯ ಪಾಲನೆ, ಅಂದರೆ ಹೆತ್ತವರ ಮನೆಯ ಹೊರಗಿನ ಪಾಲನೆ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆ 2009ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ಮಾರ್ಗಸೂಚಿ, ಒಡಹುಟ್ಟಿದವರನ್ನು ಸುಮ್ಮನೆ ಬೇರೆ ಮಾಡಬಾರದು ಅನ್ನುತ್ತದೆ. ಬೇರೆ ಮಾಡುವುದಾದರೆ ಮಗುವಿನ ಹಿತಕ್ಕೆ ಸಂಬಂಧಿಸಿದ ಗಟ್ಟಿ ಕಾರಣ ಇರಬೇಕು.

ಹುಡುಗಿಯ ಸರದಿ ಬಂದದ್ದು ಕೊನೆಯಲ್ಲಿ. "ನಿನಗೂ ಓಕೆ ತಾನೇ?" ಎಂದು ಕೇಳಿದರು. ಅವಳು "ಏನಾದ್ರೂ ಪರವಾಗಿಲ್ಲ ಸರ್" ಅಂದಳು. ಫೈಲಿನಲ್ಲಿ "ಮಗುವಿನ ಅಭಿಪ್ರಾಯ" ಎಂಬ ಜಾಗದಲ್ಲಿ "ಒಪ್ಪಿದೆ" ಎಂದು ದಾಖಲಾಯಿತು.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಕೇಳಿದಾಗ ಅವಳು ಕೊಟ್ಟ ಕಾರಣಗಳು ಇವು. ಸಾಕುತಾಯಿ ಪಕ್ಕದಲ್ಲೇ ಕೂತಿದ್ದರು. ಇಲ್ಲೇ ಇರುತ್ತೇನೆ ಅಂದರೆ ಅವರಿಗೆ ನೋವಾಗುತ್ತದೆ, ಬೇಗ ಹೋಗುತ್ತೇನೆ ಅಂದರೂ ನೋವಾಗುತ್ತದೆ. ಟೀಚರ್ ಎದುರಿಗೇ ಇದ್ದರು, ಅಮ್ಮನ ವಿಷಯ ಅವರ ಮುಂದೆ ಎತ್ತುವುದು ಅವಳಿಗೆ ಇಷ್ಟವಿರಲಿಲ್ಲ. ಬೇರೆ ಯಾವ ದಾರಿ ಇದೆ ಅನ್ನುವುದೂ ಗೊತ್ತಿರಲಿಲ್ಲ. "ಎಲ್ಲರೂ ಆಗಲೇ ಬ್ಯಾಗ್ ಎತ್ತಿಕೊಳ್ತಾ ಇದ್ರು ಅಕ್ಕಾ" ಅಂತಲೂ ಹೇಳಿದಳು.

ಆ ಸಭೆಯಲ್ಲಿದ್ದವರು ಯಾರೂ ಕೆಟ್ಟವರಲ್ಲ. ಕೇಸ್ ವರ್ಕರ್ ಅಂತೂ ಆ ಕುಟುಂಬವನ್ನು ಹುಡುಕಲು ಬಹಳ ಓಡಾಡಿದ್ದರು. ಆದರೂ ಅಲ್ಲಿ ನಡೆದದ್ದನ್ನು ಭಾಗವಹಿಸುವಿಕೆ ಅನ್ನಲು ಆಗುವುದಿಲ್ಲ. ಮಕ್ಕಳ ಭಾಗವಹಿಸುವಿಕೆಯನ್ನು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ 8 ಮೆಟ್ಟಿಲುಗಳ ಏಣಿಯಾಗಿ ತೋರಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳನ್ನು ಭಾಗವಹಿಸುವಿಕೆ ಎಂದು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಗುವನ್ನು ಹೆಸರಿಗೆ ಮಾತ್ರ ಕೂರಿಸಿ, ಒಂದು ಮಾತು ಕೇಳಿ ಮುಗಿಸುವುದು ಆ ಮೂರರಲ್ಲಿ ಒಂದು.

ಸಭೆಗೆ ಮುಂಚಿನ ಕೆಲಸ

ಹೊಸ ಮನೆಗೆ ಹೋಗುವ ದಿನ ಹತ್ತಿರ ಬಂದಾಗ ಹುಡುಗಿ ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಕಾರಣ ಕೇಳಿದರೆ ಮಾತಿಲ್ಲ. ಕೇಸ್ ವರ್ಕರ್ ಆಗ ಪ್ಲಾನನ್ನು ತಡೆದು, ಮಗುವಿನ ಪರವಾಗಿ ಒಬ್ಬರು ಬೇಕು ಎಂದು ಕೇಳಿದರು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿ. ಸಹಿಯಾದ ತೀರ್ಮಾನವನ್ನು ಮತ್ತೆ ತೆರೆಯಲು ಧೈರ್ಯ ಬೇಕು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು. ಅದರ 12ನೇ ವಿಧಿ ಎಲ್ಲರ ಬಾಯಲ್ಲೂ ಇರುತ್ತದೆ. ತನಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸಿಗೆ ಮತ್ತು ತಿಳಿವಳಿಕೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ತೂಕ ಕೊಡಬೇಕು ಎಂದು ಅದು ಹೇಳುತ್ತದೆ. ಇದನ್ನು ಬಿಡಿಸಿ ಹೇಳಲು, ಒಡಂಬಡಿಕೆಯ ಜಾರಿಯನ್ನು ಗಮನಿಸುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2009ರಲ್ಲಿ ಹೊರತಂದ 12ನೇ ಸಾಮಾನ್ಯ ಟಿಪ್ಪಣಿಯನ್ನು ಓದುವವರು ಕಡಿಮೆ. ಅದು ಐದು ಹಂತ ಹೇಳುತ್ತದೆ. ಮೊದಲು ಮಗುವನ್ನು ಸಿದ್ಧಗೊಳಿಸಬೇಕು. ಆಮೇಲೆ ಕೇಳಿಸಿಕೊಳ್ಳಬೇಕು. ಮಗುವಿನ ಸಾಮರ್ಥ್ಯ ನೋಡಿ ಮಾತಿಗೆ ತೂಕ ಕೊಡಬೇಕು. ತೀರ್ಮಾನ ಏನಾಯಿತು, ತನ್ನ ಮಾತು ಏನಾಯಿತು ಎಂದು ಮಗುವಿಗೆ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ದೂರು ಕೊಡಲು ದಾರಿ ಇರಬೇಕು. ಮೊದಲ ಸಭೆಯಲ್ಲಿ ಇವರು ನೇರವಾಗಿ ಎರಡನೆಯದಕ್ಕೆ ಹೋಗಿ, ಅಲ್ಲೇ ನಿಂತುಬಿಟ್ಟಿದ್ದರು.

ನಾವು ಮೊದಲ ಹಂತಕ್ಕೆ ವಾಪಸ್ ಬಂದೆವು. ಎದುರುಬದುರು ಕೂತು ಪ್ರಶ್ನೆ ಕೇಳುವುದನ್ನು ಬಿಟ್ಟೆವು. 14 ವರ್ಷದವರು ನಡೆಯುವಾಗ, ಕೈಗೆ ಏನಾದರೂ ಕೆಲಸ ಇದ್ದಾಗ ಸಲೀಸಾಗಿ ಮಾತಾಡುತ್ತಾರೆ. ಮೊದಲ ಭೇಟಿಯಲ್ಲೇ ಒಂದು ಮಾತು ಸ್ಪಷ್ಟ ಮಾಡಿದೆ: ನೀನು ಹೇಳಿದ್ದನ್ನು ನಿನ್ನ ಅನುಮತಿ ಇಲ್ಲದೆ ಸಭೆಗೆ ಒಯ್ಯುವುದಿಲ್ಲ, ಆದರೆ ಯಾರಿಗಾದರೂ ಅಪಾಯ ಇದೆ ಅನಿಸಿದರೆ ಅದನ್ನು ಮುಚ್ಚಿಡಲು ನನಗೆ ಆಗುವುದಿಲ್ಲ. ಈ ಗಡಿಯನ್ನು ಮೊದಲೇ ಹೇಳದಿದ್ದರೆ, ಆಮೇಲೆ ಹೇಳಿದಾಗ ಮಗುವಿಗೆ ಅದು ಮೋಸದ ಹಾಗೆ ಕಾಣುತ್ತದೆ.

ಆಮೇಲೆ ಚೀಟಿಗಳು. ಅವಳ ತಲೆಯಲ್ಲಿ ಇರುವ ಎಲ್ಲವನ್ನೂ ಒಂದೊಂದು ಚೀಟಿಯಲ್ಲಿ ಬರೆಯಲು ಹೇಳಿದೆ, ದೊಡ್ಡದು ಚಿಕ್ಕದು ಅನ್ನದೆ. ನಂತರ ಮೂರು ಗುಂಪು ಮಾಡಿದೆವು: ನಾನೇ ತೀರ್ಮಾನಿಸಬಹುದಾದದ್ದು, ನನ್ನನ್ನು ಕೇಳಿ ದೊಡ್ಡವರು ತೀರ್ಮಾನಿಸುವುದು, ಈಗ ಯಾರ ಕೈಯಲ್ಲೂ ಇಲ್ಲದ್ದು. ಬಂದ ಚೀಟಿಗಳಲ್ಲಿ ಕೆಲವು ಹೀಗಿದ್ದವು. "ರೂಮಿಗೆ ಬರೋ ಮುಂಚೆ ಬಾಗಿಲು ತಟ್ಟಬೇಕು." "ನನ್ನ ಬಟ್ಟೆ ನಾನೇ ಜೋಡಿಸ್ಕೋತೀನಿ." "ಶಾಲೆ ಬದಲಾಗಬಾರದು." "ಅಮ್ಮನ ಮನೆಯಲ್ಲಿ ಒಂದು ರಾತ್ರಿ." "ಆಂಟಿ ಆಸ್ಪತ್ರೆಗೆ ಹೋದರೆ ನನಗೆ ಯಾರು ಹೇಳ್ತಾರೆ?" ಈ ಕೊನೆಯದು ಯಾವ ಫಾರಂನಲ್ಲೂ ಬರುವ ಪ್ರಶ್ನೆಯಲ್ಲ. ಎರಡು ವರ್ಷ ಸಾಕಿದ ಹೆಂಗಸಿಗೆ ಏನಾಗುತ್ತದೋ ಎಂಬ ಭಯವನ್ನು ಈ ಮಗು ಒಬ್ಬಳೇ ಹೊತ್ತುಕೊಂಡಿತ್ತು.

ಒಂದು ಚೀಟಿಯನ್ನು ಅವಳು ಕೈಯಲ್ಲೇ ಮಡಚಿ ಇಟ್ಟುಕೊಂಡಿದ್ದಳು. ಬಹಳ ಹೊತ್ತಿನ ಮೇಲೆ ಕೊಟ್ಟಳು. "ತಮ್ಮನ ಜೊತೆ ಒಂದೇ ಮನೆಯಲ್ಲಿ ಬೇಡ" ಎಂದು ಬರೆದಿತ್ತು.

ಮೊದಲ ಸಭೆಯ ಪ್ಲಾನು ಪೂರ್ತಿ ನಿಂತಿದ್ದದ್ದೇ ಅಕ್ಕ-ತಮ್ಮ ಒಟ್ಟಿಗೆ ಇರಬೇಕು ಅನ್ನುವುದರ ಮೇಲೆ. ಅವಳು ತಮ್ಮನನ್ನು ಪ್ರೀತಿಸುವುದಿಲ್ಲ ಅಂತಲ್ಲ. ಅವನು ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ್ದು, ಸ್ನಾನ ಮಾಡಿಸಿದ್ದು, ರಾತ್ರಿ ಜಗಳ ಶುರುವಾದರೆ ಅವನ ಕಿವಿ ಮುಚ್ಚಿ ಹಿಡಿದದ್ದು ಇವಳೇ. ಅಪಾಯದ ಮನೆಗಳಲ್ಲಿ ದೊಡ್ಡ ಮಗು ಎಷ್ಟೋ ಸಲ ಹೀಗೆ ತಾಯಿಯ ಕೆಲಸಕ್ಕೆ ನಿಲ್ಲುತ್ತದೆ. ಸಾಕುತಾಯಿಯ ಮನೆಗೆ ಬಂದ ಈ ಎರಡು ವರ್ಷದಲ್ಲೇ ಅವಳಿಗೆ ಮೊದಲ ಬಾರಿ ಸರಿಯಾಗಿ ನಿದ್ದೆ ಹತ್ತಿತ್ತು, ಗೆಳತಿಯರು ಸಿಕ್ಕಿದ್ದರು. "ಅವನು ಜೊತೆಗಿದ್ರೆ ನಾನು ಮತ್ತೆ ಅವನನ್ನ ಕಾಯ್ತಾ ಕೂರ್ತೀನಿ. ವಾರಕ್ಕೊಂದು ಸಲ ನೋಡ್ಬೇಕು. ನೋಡ್ಲೇಬೇಕು. ಆದ್ರೆ ಜೊತೆಗೆ ಆಗಲ್ಲ" ಅಂದಳು. ಆಮೇಲೆ ತಕ್ಷಣ, "ಅಕ್ಕ ಬೇಡ ಅಂದ್ಲು ಅಂತ ಅವನಿಗೆ ಹೇಳ್ಬೇಡಿ" ಎಂದು ಅತ್ತಳು.

ಮಗುವನ್ನು ಕೇಳುವುದು ಎಂದರೆ ಮಗುವಿನ ತಲೆಗೆ ತೀರ್ಮಾನ ಕಟ್ಟುವುದು ಅಂತಲ್ಲ. 12ನೇ ವಿಧಿಯಲ್ಲಿರುವುದು ಹೇಳುವ ಹಕ್ಕು. ಹೇಳದೆ ಇರುವ ಸ್ವಾತಂತ್ರ್ಯವೂ ಅದರ ಒಳಗೇ ಇದೆ ಎಂದು ಸಮಿತಿಯ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ತೀರ್ಮಾನ ಮತ್ತು ಅದರ ಹೊಣೆ ದೊಡ್ಡವರದ್ದು. ಇದನ್ನು ಅವಳಿಗೆ ಅಷ್ಟೇ ನೇರವಾಗಿ ಹೇಳಿದೆವು: "ನೀನು ಹೇಳಿದ್ದನ್ನು ನಾವು ತೂಗಿ ನೋಡ್ತೀವಿ. ತೀರ್ಮಾನ ನಮ್ಮದು. ತಮ್ಮನಿಗೆ ಹೇಳುವುದೂ ನಮ್ಮ ಕೆಲಸ." ಅವಳು ಹಗುರಾದದ್ದು ಕಣ್ಣಿಗೆ ಕಾಣುತ್ತಿತ್ತು.

ತಮ್ಮನ ಮಾತು

ಅಕ್ಕನ ಮಾತು ಕೇಳಿ ಮುಗಿಸಿದ್ದರೆ ಇದು ಅರ್ಧ ಕೆಲಸ. 8 ವರ್ಷದವನಿಗೂ ಅದೇ ಹಕ್ಕು ಇದೆ. ಒಡಂಬಡಿಕೆ ಯಾವ ಕನಿಷ್ಠ ವಯಸ್ಸನ್ನೂ ಹಾಕಿಲ್ಲ. ಮಾತು ಬಾರದ ಕೂಸು ಕೂಡ ಆಟ, ಮುಖಭಾವ, ಚಿತ್ರಗಳ ಮೂಲಕ ಹೇಳುವುದನ್ನು ಗಮನಿಸಬೇಕು ಎಂದು ಸಮಿತಿ ಹೇಳಿದೆ.

ಅವನನ್ನು ಬೇರೆಯಾಗಿ, ಅವನಿಗೆ ಪರಿಚಯವಿದ್ದ ಕೌನ್ಸೆಲರ್ ಭೇಟಿ ಮಾಡಿದರು. ಮನೆ ಬರೆಯಲು ಹೇಳಿದಾಗ ಎರಡು ಮನೆ ಬರೆದ. ಎರಡರಲ್ಲೂ ಅಕ್ಕನನ್ನು ಬರೆದ. ಈಗಿರುವ ಮನೆಯ ನಾಯಿಯನ್ನೂ, ಸಾಕುತಂದೆಯ ಸೈಕಲ್ಲನ್ನೂ ಬರೆದ. "ಅಕ್ಕ ಇಲ್ಲಿಗೆ ಬರಲಿ" ಅಂದ. ಬೇರೆ ಊರಿನ ಮನೆಗೆ ಹೋಗುತ್ತೀಯಾ ಅಂದರೆ ತಲೆ ಅಲ್ಲಾಡಿಸಿದ. ಇಬ್ಬರನ್ನೂ ಒಂದು ಮಾಡುವ ಆ ಪ್ಲಾನು ಅಕ್ಕನಿಗೂ ಬೇಡ, ತಮ್ಮನಿಗೂ ಬೇಡ. ಅವನಿಗೆ ಬೇಕಿದ್ದದ್ದು ಅಕ್ಕ ತನ್ನ ಮನೆಗೆ ಬರುವುದು. ಆ ಮನೆಯಲ್ಲಿ ಇನ್ನೊಂದು ಮಗುವಿಗೆ ಜಾಗವಿರಲಿಲ್ಲ.

ಇಬ್ಬರು ಮಕ್ಕಳ ಆಸೆ ಒಂದಕ್ಕೊಂದು ಎದುರಾದಾಗ ಯಾವ ಮಾರ್ಗಸೂಚಿಯೂ ಸಿದ್ಧ ಉತ್ತರ ಕೊಡುವುದಿಲ್ಲ. ಅಂಥ ಕಡೆ ದೊಡ್ಡವರು ಸುಲಭವಾಗಿ ತಮಗೆ ಬೇಕಾದ ಮಗುವಿನ ಮಾತನ್ನು ಎತ್ತಿಕೊಳ್ಳುತ್ತಾರೆ. ತಮ್ಮನ ಮಾತು ತೋರಿಸಿ ಅಕ್ಕನನ್ನು ಒಪ್ಪಿಸುವುದು ಬಹಳ ಸುಲಭವಿತ್ತು. ಕೇಸ್ ವರ್ಕರ್ ಆ ದಾರಿ ಹಿಡಿಯಲಿಲ್ಲ.

ಎರಡನೇ ಸಭೆ

ಈ ಸಲ ಸಭೆ ಶಾಲೆ ಬಿಟ್ಟ ಮೇಲೆ ನಡೆಯಿತು. ಕ್ಲಾಸಿನ ನಡುವೆ ಎದ್ದು ಹೋದರೆ ಮಾರನೆಯ ದಿನ ಎಲ್ಲರೂ ಕಾರಣ ಕೇಳುತ್ತಾರೆ ಅಂದಿದ್ದಳು. ಟೀಚರ್ ಬರುವುದು ಬೇಡ ಅಂದಳು, ಓದಿನ ಬಗ್ಗೆ ಅವರು ಬರೆದು ಕಳಿಸಿದರು. ಸಾಕುತಾಯಿ ಬರಲಿ, ಆದರೆ ಅರ್ಧ ಹೊತ್ತು ಮಾತ್ರ. ವಿಷಯಪಟ್ಟಿಯಲ್ಲಿ ಮೊದಲನೆಯದು ಅವಳ ಚೀಟಿಗಳು. ಮಾತಾಡಲು ಆಗದಿದ್ದರೆ ಕೈಸನ್ನೆ ಮಾಡುತ್ತಾಳೆ, ಆಗ ನಾನು ಅವಳ ಚೀಟಿ ಓದುತ್ತೇನೆ ಎಂದು ಮಾತಾಗಿತ್ತು. ಒಂದೇ ಸಲ ಸನ್ನೆ ಮಾಡಿದಳು, ತಮ್ಮನ ವಿಷಯ ಬಂದಾಗ.

ಇನ್ನೊಂದು ಬದಲಾವಣೆಯನ್ನು ನಾನು ಹಟ ಹಿಡಿದು ಮಾಡಿಸಿದೆ. ಹೌದು ಅಥವಾ ಇಲ್ಲ ಎಂದು ಹೇಳುವ ಅಧಿಕಾರ ಇರುವವರು ಆ ಕೋಣೆಯಲ್ಲೇ ಇರಬೇಕು. ಮಕ್ಕಳ ಹಕ್ಕುಗಳ ಸಂಶೋಧಕಿ ಲಾರಾ ಲಂಡಿ 2007ರಲ್ಲಿ ಬರೆದದ್ದು ಇದನ್ನೇ: ಮಗುವಿಗೆ ಮಾತಾಡಲು ಜಾಗ ಬೇಕು, ದನಿ ಬೇಕು, ಕೇಳಿಸಿಕೊಳ್ಳುವವರು ಬೇಕು, ಆ ಮಾತಿಗೆ ಪರಿಣಾಮವೂ ಬೇಕು. ಕೇಳಿಸಿಕೊಂಡವರು "ಮೇಲಿನವರಿಗೆ ತಿಳಿಸ್ತೀವಿ" ಅಂದರೆ ಮಗು ಅಲ್ಲಿಗೆ ಸುಮ್ಮನಾಗುತ್ತದೆ.

ಅವಳು ಕೇಳಿದ್ದು ಶಾಲೆಯ ಹತ್ತಿರದ ಒಂದು ಸಣ್ಣ ಗ್ರೂಪ್ ಹೋಮ್, ಅಂದರೆ ಕೆಲವು ಮಕ್ಕಳು ಸಿಬ್ಬಂದಿಯ ಜೊತೆ ಒಟ್ಟಿಗೆ ಇರುವ ಮನೆ. ಅಧಿಕಾರಿಗಳಿಗೆ ಇದು ಕಷ್ಟದ ಮಾತಾಗಿತ್ತು. ಸಂಸ್ಥೆಗಿಂತ ಕುಟುಂಬ ಒಳ್ಳೆಯದು ಅನ್ನುವುದು ಈ ಕ್ಷೇತ್ರದ ಎಲ್ಲರ ನಂಬಿಕೆ, ಚಿಕ್ಕ ಮಕ್ಕಳ ವಿಷಯದಲ್ಲಿ ನನ್ನದೂ ಅದೇ. ಆದರೆ ಮೊದಲು ಹೇಳಿದ ವಿಶ್ವಸಂಸ್ಥೆಯ ಅದೇ ಮಾರ್ಗಸೂಚಿ, ಆ ಮಗುವಿಗೆ ತಕ್ಕದ್ದು, ಅಗತ್ಯವಾದದ್ದು, ಒಳ್ಳೆಯದು ಮಾಡುವಂಥದ್ದು ಎಂದಾದರೆ ಸಂಸ್ಥೆಯ ಪಾಲನೆಗೂ ಜಾಗ ಬಿಡುತ್ತದೆ. "ಇನ್ನೊಂದು ಹೊಸ ಮನೆಯವರಿಗೆ ಮಗಳ ಥರ ಇರೋಕೆ ನನ್ನಿಂದ ಆಗಲ್ಲ ಸರ್. ನಂಗೆ ಅಮ್ಮ ಇದ್ದಾಳೆ. ಆಂಟಿ ಇದ್ದಾರೆ. ಸಾಕು" ಅಂದಳು. ಎಷ್ಟೋ ಹದಿಹರೆಯದವರಿಗೆ ಹೊಸ ಕುಟುಂಬಕ್ಕೆ ಹತ್ತಿರವಾಗುವುದು ಹೆತ್ತವರಿಗೆ ದ್ರೋಹ ಮಾಡಿದ ಹಾಗೆ ಅನಿಸುತ್ತದೆ. ಅಂಥವರಿಗೆ ಗ್ರೂಪ್ ಹೋಮ್‌ನ ಸಿಬ್ಬಂದಿಯ ಜೊತೆಗಿನ ಅಂತರವೇ ನೆಮ್ಮದಿ ಕೊಡಬಹುದು.

ಸಭೆ ಅಂದೇ ತೀರ್ಮಾನಕ್ಕೆ ಬರಲಿಲ್ಲ. ಅವಳು ಮೊದಲು ಹೋಗಿ ನೋಡಿ ಬರಲಿ ಎಂದಾಯಿತು. ಒಂದು ಸಂಜೆ ಹೋದಳು. ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿದ್ದಳು: ರಾತ್ರಿ ಯಾರು ಇರುತ್ತಾರೆ, ಬೀರುವಿಗೆ ಬೀಗ ಇದೆಯಾ, ಫೋನ್ ಯಾವಾಗ ಕೊಡುತ್ತೀರಿ, ಗೆಳತಿ ಬರಬಹುದಾ, ಜಗಳವಾದರೆ ಏನು ಮಾಡುತ್ತೀರಿ. ಬೀರುವಿಗೆ ಬೀಗ ಇರಲಿಲ್ಲ. ಇವಳು ಕೇಳಿದ ಮೇಲೆ ಅಲ್ಲಿದ್ದ ಎಲ್ಲ ಮಕ್ಕಳಿಗೂ ಹಾಕಿಸಿದರು.

ಹೌದು ಅಂದದ್ದು, ಇಲ್ಲ ಅಂದದ್ದು

ಕೊನೆಗೆ ಆದ ತೀರ್ಮಾನ ಇದು. ಅಕ್ಕ ಗ್ರೂಪ್ ಹೋಮ್‌ಗೆ, ಮೂರು ತಿಂಗಳ ನಂತರ ಮರುಪರಿಶೀಲನೆ. ತಮ್ಮ ಈಗಿರುವ ಮನೆಯಲ್ಲೇ. ಪ್ರತಿ ವಾರ ಇಬ್ಬರ ಭೇಟಿ. ಶಾಲೆ ಬದಲಾಗುವುದಿಲ್ಲ. ಸಾಕುತಾಯಿಯ ಆರೋಗ್ಯದ ಸುದ್ದಿಯನ್ನು, ಅವರ ಒಪ್ಪಿಗೆಯಂತೆ, ಕೇಸ್ ವರ್ಕರ್ ತಿಳಿಸುತ್ತಾರೆ. ಅಮ್ಮನ ಮನೆಯಲ್ಲಿ ರಾತ್ರಿ ಉಳಿಯುವುದಕ್ಕೆ ಮಾತ್ರ ಇಲ್ಲ ಎಂದಾಯಿತು.

ಈ 'ಇಲ್ಲ'ವನ್ನು ಅವಳಿಗೆ ಹೇಗೆ ತಲುಪಿಸಿದರು ಅನ್ನುವುದೇ ನನ್ನ ಮಟ್ಟಿಗೆ ಈ ಪ್ರಕರಣದ ಅತಿ ಮುಖ್ಯ ಭಾಗ. ಕೇಸ್ ವರ್ಕರ್ ಖುದ್ದಾಗಿ ಹೋಗಿ ಹೇಳಿದರು. ಹೇಳಿದ್ದನ್ನೇ ಒಂದು ಪುಟದ ಪತ್ರವಾಗಿಯೂ ಕೊಟ್ಟರು. ಹುಡುಗಿ ಅನುಮತಿ ಕೊಟ್ಟದ್ದರಿಂದ ಅದರ ಒಂದು ಭಾಗ ಇಲ್ಲಿ:

"ಅಮ್ಮನ ಮನೆಯಲ್ಲಿ ಒಂದು ರಾತ್ರಿ ಇರಬೇಕು ಎಂದು ನೀನು ಕೇಳಿದೆ. ಅಮ್ಮನನ್ನು ಎದುರಿಗೆ ಯಾರೂ ಕೂರದೆ ನೋಡಬೇಕು ಎಂಬ ಆಸೆ ನಿನಗಿದೆ ಎಂದು ನಮಗೆ ಅರ್ಥವಾಗಿದೆ. ಈಗ ಅದಕ್ಕೆ ಒಪ್ಪಿಗೆ ಕೊಡಲು ಆಗುವುದಿಲ್ಲ. ನಿನಗೆ ಹಿಂದೆ ಹೊಡೆದ ವ್ಯಕ್ತಿ ಇನ್ನೂ ಆ ಮನೆಯಲ್ಲೇ ಇದ್ದಾರೆ. ಅವರು ಅಲ್ಲಿರುವವರೆಗೆ ನಿನ್ನನ್ನು ಅಲ್ಲಿ ಮಲಗಲು ಕಳಿಸುವುದಿಲ್ಲ. ಇದು ನಿನ್ನ ತಪ್ಪಲ್ಲ. ಅಮ್ಮನನ್ನು ಹೊರಗಡೆ ಹಗಲು ಹೊತ್ತು ನೋಡುವುದು ಮುಂದುವರಿಯುತ್ತದೆ. ಮುಂದಿನ ಪರಿಶೀಲನೆಯಲ್ಲಿ ನೀನು ಇದನ್ನು ಮತ್ತೆ ಕೇಳಬಹುದು. ಈ ತೀರ್ಮಾನ ಸರಿಯಿಲ್ಲ ಅನಿಸಿದರೆ ಯಾರಿಗೆ ದೂರು ಕೊಡಬೇಕು ಎಂದು ಕೆಳಗೆ ಬರೆದಿದೆ."

ಅವಳಿಗೆ ಸಿಟ್ಟು ಬಂತು. ಪತ್ರ ಮುದ್ದೆ ಮಾಡಿ ಎಸೆದಳು. ಆ ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆದರೆ ಶಾಲೆ ಬಿಡಲಿಲ್ಲ. ಕೆಲವು ದಿನದ ಮೇಲೆ ಅದೇ ಪತ್ರದ ಇನ್ನೊಂದು ಪ್ರತಿ ಕೇಳಿದಳು. ಬೇಡದ ಉತ್ತರ ಬಂದಾಗ ಮಗು ಸಿಟ್ಟಾಗಬಹುದು, ಆಗಲಿ. ಕಾರಣ ಗೊತ್ತಿದ್ದರೆ ಆ ಸಿಟ್ಟಿಗೆ ಒಂದು ದಿಕ್ಕು ಇರುತ್ತದೆ. ಉತ್ತರವೇ ಬರದಿದ್ದರೆ ಮಗು ಕಾರಣವನ್ನು ತನ್ನಲ್ಲೇ ಹುಡುಕುತ್ತದೆ, ನಾನು ಕೆಟ್ಟವಳು ಅದಕ್ಕೇ ಹೀಗೆ ಅಂದುಕೊಳ್ಳುತ್ತದೆ. ಇದನ್ನು ನಾನು ಬೇರೆ ಬೇರೆ ಮಕ್ಕಳಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಮೊದಲ ಸಭೆಯ ಟಿಪ್ಪಣಿಯನ್ನೂ ಅವಳು ಓದಿದಳು. ಅಳಿಸಲು ಆಗುವುದಿಲ್ಲ ಎಂದು ತಿಳಿದ ಮೇಲೆ, ಅದರ ಜೊತೆ ತನ್ನದೊಂದು ಹಾಳೆ ಸೇರಿಸಲು ಕೇಳಿದಳು. ಸೇರಿಸಿದರು. "ಆ ದಿನ ನನಗೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಹಾಗೆ ಹೇಳಿದೆ" ಎಂದು ಅದರಲ್ಲಿದೆ. ದೊಡ್ಡವಳಾದ ಮೇಲೆ ಈ ಫೈಲನ್ನು ಅವಳೇ ಓದಬಹುದು, ಆಗ ಅಲ್ಲಿ ಅವಳದೇ ಮಾತು ಇರುತ್ತದೆ.

ಆಮೇಲಿನ ತಿಂಗಳುಗಳು

ವಾರದ ಭೇಟಿ ಮೊದಲು ಚೆನ್ನಾಗಿ ನಡೆಯಿತು, ಆಮೇಲೆ ತಪ್ಪತೊಡಗಿತು. ಕರೆದೊಯ್ಯಲು ಸಿಬ್ಬಂದಿ ಇಲ್ಲ, ವಾಹನ ಇಲ್ಲ, ಮುಂದಿನ ವಾರ ನೋಡೋಣ. ಕಾಗದದ ಮೇಲೆ ಚೆಂದ ಇರುವ ತೀರ್ಮಾನಗಳು ಸಾಯುವುದು ಹೀಗೇ, ಯಾರೂ ಬೇಡ ಅನ್ನದೆ. ಹುಡುಗಿ ತಪ್ಪಿದ ಭೇಟಿಗಳನ್ನು ತನ್ನ ಡೈರಿಯಲ್ಲಿ ಗುರುತು ಮಾಡಿ, ಪತ್ರದ ಕೆಳಗಿದ್ದ ದೂರಿನ ದಾರಿ ಹಿಡಿದಳು. ಗ್ರೂಪ್ ಹೋಮ್‌ನಲ್ಲಿ ಒಬ್ಬರಿಗೆ ಇದು ಇಷ್ಟವಾಗಲಿಲ್ಲ, "ಇಷ್ಟು ಮಾಡಿದ್ರೂ ದೂರಾ?" ಎಂದು ಕೇಳಿದರಂತೆ. ನನಗಂತೂ ಅವಳು ಆ ವ್ಯವಸ್ಥೆಯನ್ನು ನಂಬಿದಳು ಅನ್ನುವುದಕ್ಕೆ ಆ ದೂರೇ ಸಾಕ್ಷಿ. ನಂಬಿಕೆ ಇಲ್ಲದ ಮಕ್ಕಳು ದೂರು ಕೊಡುವುದಿಲ್ಲ, ಓಡಿಹೋಗುತ್ತಾರೆ. ಭೇಟಿಯ ದಿನ ಬದಲಾಯಿತು. ಒಂದು ವಾರ ತಮ್ಮನ ಸಾಕುತಂದೆ, ಒಂದು ವಾರ ಗ್ರೂಪ್ ಹೋಮ್‌ನವರು ಕರೆದೊಯ್ಯುವುದು ಎಂದಾಯಿತು. ಆಮೇಲೆ ಭೇಟಿ ತಪ್ಪಿದ್ದು ಕಡಿಮೆ.

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವರ ಕೈಯಲ್ಲಿರುವ ಕೇಸುಗಳ ರಾಶಿ ನನಗೆ ಗೊತ್ತು. ಆದರೆ ಮೊದಲ ಪ್ಲಾನಿಗೆ ಹಿಡಿದ ಸಮಯ ಪೂರ್ತಿ ದಂಡವಾಗಿತ್ತು ಅಲ್ವಾ? ಮಗು ಶಾಲೆ ಬಿಟ್ಟಿತ್ತು, ಮುಂದೆ ಬಂದಿದ್ದ ಕುಟುಂಬಕ್ಕೆ ನಿರಾಸೆಯಾಗಿತ್ತು. ಎಲ್ಲ ಕೇಸಿನಲ್ಲೂ ಚೀಟಿ ಬೇಕಿಲ್ಲ, ನನ್ನಂಥವರೂ ಬೇಕಿಲ್ಲ. ಪಾಲನೆಯಲ್ಲಿರುವ ಮಕ್ಕಳನ್ನು ಕೇಳಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಮಾತು, ಪದೇಪದೇ ಬದಲಾಗದ ಒಬ್ಬ ಕೇಸ್ ವರ್ಕರ್ ಬೇಕು ಅನ್ನುವುದು. ಹಳೆಯ ಪರಿಚಯ ಇದ್ದರೆ ಮಾತಿಗೆ ಅಷ್ಟು ಸಿದ್ಧತೆ ಬೇಕಾಗುವುದಿಲ್ಲ.

ಈ ಪ್ರಕರಣದಲ್ಲಿ ಕೊರತೆ ಉಳಿದಿರುವುದು ತಮ್ಮನ ವಿಷಯದಲ್ಲಿ. ಅವನನ್ನು ಕೇಳಿದೆವು, ಆದರೆ ಅವನಿಗೆ ಉತ್ತರ ತಲುಪಿದ್ದು ತಡವಾಗಿ. ಅಕ್ಕ ಬೇರೆ ಕಡೆ ಹೋದದ್ದು ಅವನಿಗೆ ಗೊತ್ತಾದದ್ದು ಅವಳು ಹೋದ ಮೇಲೆ. ಕೌನ್ಸೆಲರ್ ಆಮೇಲೆ ಚಿತ್ರಗಳ ಒಂದು ಪುಟ್ಟ ಪುಸ್ತಕ ಮಾಡಿ, ನಿಮ್ಮ ಮನೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗವಿರಲಿಲ್ಲ, ಅಕ್ಕ ಎಲ್ಲಿರಬೇಕು ಎಂದು ತೀರ್ಮಾನಿಸಿದ್ದು ನಾವು ದೊಡ್ಡವರು ಎಂದು ಅವನಿಗೆ ಹೇಳಿದರು. ಅಕ್ಕನ ಚೀಟಿಯ ಮಾತು ಅವನವರೆಗೆ ಹೋಗಲಿಲ್ಲ. ಅವನು ಈಗಲೂ ಪ್ರತಿ ಭೇಟಿಯ ಕೊನೆಯಲ್ಲಿ ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳುತ್ತಾನೆ.

ಮೂರು ತಿಂಗಳ ಪರಿಶೀಲನೆಗೆ ವಿಷಯಪಟ್ಟಿಯನ್ನು ಹುಡುಗಿಯೇ ಬರೆದು ಕಳಿಸಿದಳು. ಅಮ್ಮನ ಮನೆಯ ಪ್ರಶ್ನೆ ಅದರಲ್ಲಿ ಮತ್ತೆ ಇತ್ತು, ಆ ವ್ಯಕ್ತಿ ಇನ್ನೂ ಅಲ್ಲೇ ಇದ್ದದ್ದರಿಂದ ಉತ್ತರ ಬದಲಾಗಲಿಲ್ಲ. ಶಾಲೆಯ ಪ್ರವಾಸಕ್ಕೆ ಸಹಿ ಯಾರು ಹಾಕಬೇಕು ಅನ್ನುವುದಿತ್ತು, ಅದು ಅಲ್ಲೇ ಇತ್ಯರ್ಥವಾಯಿತು. ತಮ್ಮನಿಗೆ ಇಷ್ಟವಿದ್ದರೆ ಅವನನ್ನೂ ಮುಂದಿನ ಸಭೆಗೆ ಸ್ವಲ್ಪ ಹೊತ್ತು ಕರೆಯಬೇಕು ಎಂದೂ ಬರೆದಿದ್ದಳು. ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಅವನನ್ನು ಸಿದ್ಧಗೊಳಿಸುವ ಭೇಟಿಗಳು ಈಗ ಶುರುವಾಗಿವೆ.